ಮೇಷ್ಟ್ರು ಬಂದ್ರು ಸರಿ, ಆಮೇಲೆ?

ಹಾಗಲವಾಡಿ: ಗುಬ್ಬಿ ತಾಲ್ಲೂಕಿನ ಈ ಊರು ಒಂದು ಕಾಲಕ್ಕೆ ಪಾಳೆಯಗಾರರ ಗದ್ದುಗೆ. ಪಾಳೆಯಗಾರರು ಹೋದರು. ಶಿಸ್ತು ಅಂದ್ರೆ ಮೇಲಿನವರ ಅಪ್ಪಣೆ ಅನ್ನೋ ಭಾವನೆ ಮಾತ್ರ ಹೋಗಲಿಲ್ಲ. ಇದು ಹಾಗಲವಾಡಿಯೊಂದರ ಮಾತಲ್ಲ ಬಿಡಿ.

ಯಾವ ಹೋಬಳಿಯ ಟೀ ಅಂಗಡಿಯಲ್ಲಾದರೂ ಕೂತು ನೋಡಿ. ಮೇಷ್ಟ್ರು ಬಸ್ಸಿಳಿದದ್ದು ಎಷ್ಟೊತ್ತಿಗೆ, ಬಸ್ ಹತ್ತಿದ್ದು ಎಷ್ಟೊತ್ತಿಗೆ ಅನ್ನೋದೇ ಲೆಕ್ಕ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಕಲಂ ಕೂಡ ಹೊತ್ತಿಗೆ ಸರಿಯಾಗಿ ಬನ್ನಿ ಎಂದೇ ಶುರುವಾಗುತ್ತದೆ. ಆದರೆ 2017ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ಆರು ರಾಜ್ಯಗಳ 619 ಶಾಲೆಗಳನ್ನು ನೋಡಿದಾಗ, ಕಾರಣವಿಲ್ಲದೆ ಗೈರಾದವರು ಸಿಕ್ಕಿದ್ದು ನೂರಕ್ಕೆ ಎರಡೂವರೆ ಮಂದಿ ಮಾತ್ರ. ಉಳಿದ ಗೈರೆಲ್ಲ ಬಹುಪಾಲು ರಜೆ, ಇಲ್ಲವೇ ಸರ್ಕಾರಿ ಕೆಲಸ.

ಹಾಗಾದರೆ ತೊಂದರೆ ಎಲ್ಲಿ? ಬಂದ ಮೇಲೆ. ಪ್ರಶ್ನೆ ಮುಂದಿನ ಬೆಂಚಿಗೇ ಹೋಗುತ್ತೆ. ಬಸ್ಸಿನಲ್ಲಿ ನಿಂತು ಬಂದ ಸಿಟ್ಟು ಮಕ್ಕಳ ಮೇಲೆ ಇಳಿಯುತ್ತೆ. ಅದೇ ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟವರೆಲ್ಲ ‘ಲೇ ದಡ್ಡ’ ಅನ್ನೋದನ್ನ ಬಿಟ್ಟಿದ್ದಾರಾ? ಇದನ್ನು ಯಾವ ಹಾಜರಿ ಪುಸ್ತಕ ಹಿಡಿದೀತು! ಮೇಷ್ಟ್ರೇ ತಮ್ಮನ್ನು ತಾವು ನೋಡಿಕೊಳ್ಳಬೇಕು.

ಹೇಗೆ? ಉಪದೇಶದಿಂದಲ್ಲ. ಅನುಭವವುಳ್ಳ ಇನ್ನೊಬ್ಬ ಶಿಕ್ಷಕರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂರಬೇಕು. ಪಾಠ ಮುಗಿದ ಮೇಲೆ ತಪ್ಪು ಹೇಳಬಾರದು, ಕೇಳಬೇಕು: ‘ಮೇಷ್ಟ್ರೇ, ಇವತ್ತು ಎಷ್ಟು ಮಕ್ಕಳ ಹೆಸರು ಕರೆದ್ರಿ? ಸಿಟ್ಟು ಬಂದದ್ದು ಯಾವಾಗ?’ ಉತ್ತರವನ್ನು ಮೇಷ್ಟ್ರೇ ನೋಟ್‌ಬುಕ್ಕಿನಲ್ಲಿ ದಿನವೂ ಬರೆದುಕೊಳ್ಳಬೇಕು. ಒಂದು ವಾರ ಬರೆದರೆ ಸಾಕು, ಯಾವ ಮಗುವಿನ ಹೆಸರು ಒಮ್ಮೆಯೂ ಬಂದಿಲ್ಲ ಅನ್ನೋದು ಅವರಿಗೇ ಕಾಣುತ್ತೆ.

ಇದು ಹೊಸದೇನೂ ಅಲ್ಲ. 2014ರ ನಿಯಮದಂತೆ ಬಂದ ಎರಡು ವರ್ಷದ ಬಿ.ಎಡ್.ನಲ್ಲಿ ತನ್ನನ್ನು ತಾನು ಅರಿಯುವುದೇ ಒಂದು ಪಾಠ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆ ತರಬೇತಿ ಬೇಕು ಅಂದಿದೆ. ಆ 50 ಗಂಟೆ ಟೀ, ಬಿಸ್ಕತ್ತು, ಸಹಿಯಲ್ಲಿ ಮುಗಿದರೆ ಏನು ಬಂತು?

ಇನ್ನೊಂದು ಎಚ್ಚರ. ಆ ನೋಟ್‌ಬುಕ್ ಸಾಹೇಬರ ಮೇಜಿಗೆ ಹೋಗಕೂಡದು. ಹೋಯ್ತೋ, ಮಾರನೇ ದಿನದಿಂದ ಅದರಲ್ಲಿ ಬರೀ ಒಳ್ಳೆಯದೇ ಇರುತ್ತೆ. ಹಿಂದಿನ ಬೆಂಚಿನಲ್ಲಿ ಕೂರಬೇಕಾದ ಸಿ.ಆರ್.ಪಿ.ಗಳೂ ಶಿಕ್ಷಕರೇ. ಅಂಕಿಅಂಶ ಕೂಡಿಸಿ ಕಳಿಸುವ ಕೆಲಸ ಅವರ ತಲೆ ಮೇಲಿದ್ದರೆ ಕೂರೋದು ಯಾವಾಗ? ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಅಪ್ಪ ಅಮ್ಮಂದಿರು ಮೊದಲು ಕೇಳಬೇಕಾದ್ದು ಇದನ್ನೇ.