ಹಳೆಯ ಕಾರಿಗೆ ಹೊಸ ಕಂಠ

ಬೆಂಗಳೂರಿನ ದಕ್ಷಿಣ ಭಾಗದ ಬಡಾವಣೆಗಳಲ್ಲಿ, ವಿಶೇಷವಾಗಿ ಜಯನಗರ, ಬನಶಂಕರಿ ಮತ್ತು ಜೆ.ಪಿ. ನಗರದ ಹಳೆಯ ಮನೆಗಳ ಅಂಗಳಗಳಲ್ಲಿ, ಹೊದಿಕೆ ಹೊದ್ದು ನಿಂತಿರುವ ಫಿಯಟ್, ಅಂಬಾಸಿಡರ್ ಅಥವಾ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಗಳನ್ನು ಇಂದಿಗೂ ಕಾಣಬಹುದು. ವಾರದ ಆರು ದಿನ ಸುಮ್ಮನಿರುವ ಈ ವಾಹನಗಳು ಭಾನುವಾರ ಬೆಳಿಗ್ಗೆ, ರಸ್ತೆಗಳು ತೆರವಾಗಿರುವ ಹೊತ್ತಿನಲ್ಲಿ, ಕನಕಪುರ ರಸ್ತೆಯ ಕಡೆಗೊಮ್ಮೆ ಹೋಗಿ ಬರುತ್ತವೆ. ಇವುಗಳನ್ನು ಉಳಿಸಿಕೊಂಡಿರುವ ಕುಟುಂಬಗಳಲ್ಲಿ ಇತ್ತೀಚೆಗೆ ಒಂದು ಹೊಸ ಚರ್ಚೆ ನಡೆಯುತ್ತಿದೆ. ಹಿರಿಯರು ಇಟ್ಟುಕೊಂಡ ಕಾರನ್ನು ಕಿರಿಯರು ಓಡಿಸಲು ಮುಂದಾಗುತ್ತಾರೆ. ಆದರೆ ಅವರಿಗೆ ಅದರಲ್ಲಿ ಒಳ್ಳೆಯ ಸಂಗೀತವೂ ಬೇಕು. ಅಲ್ಲಿಂದ ತೊಡಗುತ್ತದೆ ಜಗ್ಗಾಟ.

ಕಾರಿನಲ್ಲಿ ಹಾಡು ಕೇಳುವ ಆಸೆ ಹೊಸದೇನಲ್ಲ. 1930ರಲ್ಲಿ ಅಮೆರಿಕೆಯ ಗಾಲ್ವಿನ್ ಸಂಸ್ಥೆ ‘ಮೋಟೊರೋಲಾ’ ಎಂಬ ಹೆಸರಿನಲ್ಲಿ ಕಾರಿನ ರೇಡಿಯೋವನ್ನು ಮಾರುಕಟ್ಟೆಗೆ ತಂದಿತು. ಎರಡು ವರ್ಷಗಳ ತರುವಾಯ ಜರ್ಮನಿಯ ಬ್ಲೌಪುಂಕ್ಟ್ ಯೂರೋಪಿಗೆ ಅದೇ ಸೌಕರ್ಯವನ್ನು ಒದಗಿಸಿತು. ನಮ್ಮಲ್ಲಿ ಅದು ಬಹುಕಾಲ ಸಿರಿವಂತರ ಸೊತ್ತಾಗಿಯೇ ಉಳಿಯಿತು. ಬೆಂಗಳೂರು ಆಕಾಶವಾಣಿ ಕೇಂದ್ರ 1955ರ ನವೆಂಬರ್ 2ರಂದು ಪ್ರಾರಂಭವಾಯಿತು. 1954ರಲ್ಲಿ ಸ್ಥಾಪನೆಗೊಂಡ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ದೇಶದ ರೇಡಿಯೋ ಉದ್ಯಮಕ್ಕೆ ವಾಲ್ವುಗಳನ್ನೂ ಟ್ರಾನ್ಸಿಸ್ಟರುಗಳನ್ನೂ ಪೂರೈಸಿತು. ಮೈಸೂರು ರಸ್ತೆಯ ರೆಮ್ಕೋ ಕಾರ್ಖಾನೆ 1970ರ ದಶಕದಲ್ಲಿ ಬಿ.ಎಚ್.ಇ.ಎಲ್. ಸಂಸ್ಥೆಯಲ್ಲಿ ಸೇರಿಹೋಯಿತಾದರೂ ರೇಡಿಯೋ ಎಂಬ ಶಬ್ದ ಅದರ ಹೆಸರಿನಲ್ಲಿಯೇ ಇತ್ತು. ಹೀಗೆ ರೇಡಿಯೋ ಈ ಊರಿನ ಮನೆಮಾತಾಗಿದ್ದ ಕಾಲದಲ್ಲೂ ಅದನ್ನು ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಶುಲ್ಕ ಕಟ್ಟಬೇಕಾಗಿತ್ತು ಎಂಬುದನ್ನು ಇಂದಿನ ಮಕ್ಕಳು ನಂಬಲಾರರು.

ಜಯನಗರದ ಒಂದು ಮನೆಯ ಉದಾಹರಣೆಯನ್ನು ಇಲ್ಲಿ ಹೇಳಬಹುದು. ಅವರ ಹೆಸರು ಬೇಡ. ದಾವಣಗೆರೆ ಕಡೆಯಿಂದ ಬಂದು ನೆಲೆಸಿದ ಕುಟುಂಬ. ಅಜ್ಜನವರು ನಿವೃತ್ತ ಇಂಜಿನಿಯರ್. ಅವರ ಬಳಿ ಇರುವುದು 1971ರ ಫಿಯಟ್ 1100 ಡಿಲೈಟ್. ಮುಂಬಯಿಯ ಪ್ರೀಮಿಯರ್ ಸಂಸ್ಥೆ 1964ರಿಂದ ತಯಾರಿಸಿದ ಈ ಕಾರೇ ಮುಂದೆ ‘ಪದ್ಮಿನಿ’ ಎಂಬ ಹೆಸರು ಪಡೆದು ಮನೆಮನೆಗೆ ಪರಿಚಿತವಾಯಿತು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಾಗಿದ್ದ ದಿನಗಳವು. ಅಜ್ಜನವರು ಕಾಯದೆ 1976ರಲ್ಲಿ ಎರಡನೆಯ ಕೈಯಿಂದ ಕೊಂಡರು. ಡ್ಯಾಶ್‌ಬೋರ್ಡಿನಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೋ ಇದೆ, ಎರಡು ಗುಂಡಿಗಳದು. ಅದು ಮಾತಾಡಿ ಬಹಳ ವರ್ಷಗಳಾದವು.

ಮೊಮ್ಮಗ ಬಿ.ಟಿ.ಎಂ. ಲೇಔಟಿನಲ್ಲಿ ಉದ್ಯೋಗಿ. ಬಾಗಿಲುಗಳಿಗೆ ನಾಲ್ಕು ಸ್ಪೀಕರ್, ಹಿಂದೆ ದೊಡ್ಡದೊಂದು ಬಾಸ್ ಪೆಟ್ಟಿಗೆ, ಡ್ಯಾಶ್‌ಬೋರ್ಡಿನಲ್ಲಿ ಹೊಳೆಯುವ ಪರದೆ ಎಂದು ಅವನ ಯೋಜನೆ. “ಅಜ್ಜಾ, ಬಾಗಿಲಿನ ತಗಡಿನಲ್ಲಿ ನಾಲ್ಕು ರಂಧ್ರ ಅಷ್ಟೆ” ಎಂದನಂತೆ. “ರಂಧ್ರ ಕೊರೆಯುವುದಕ್ಕೆ ಹತ್ತು ನಿಮಿಷ ಸಾಕಪ್ಪಾ, ಅದನ್ನು ಮತ್ತೆ ಮುಚ್ಚುವವರು ಯಾರು?” ಎಂದು ಅಜ್ಜನವರು ಕೇಳಿದರಂತೆ. ನಮ್ಮ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಈ ಒಂದು ಪ್ರಶ್ನೆಯಲ್ಲಿಯೇ ಇದೆ.

ಅಜ್ಜನವರ ಹಟವನ್ನು ಭಾವುಕತೆ ಎಂದು ತಳ್ಳಿಹಾಕುವಂತಿಲ್ಲ. ಕೇಂದ್ರ ಸರ್ಕಾರ 2021ರ ಜುಲೈ ತಿಂಗಳಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ‘ವಿಂಟೇಜ್’ ನೋಂದಣಿಗೆ ಅರ್ಹವಾಗುತ್ತವೆ. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಹತ್ತು ವರ್ಷಗಳ ನಂತರದ ನವೀಕರಣಕ್ಕೆ 5,000 ರೂಪಾಯಿ. ಆದರೆ ವಾಹನ ಮೂಲರೂಪದಲ್ಲಿರಬೇಕು. ಚಾಸಿ, ದೇಹ, ಇಂಜಿನ್ ಇವುಗಳಲ್ಲಿ ಗಣನೀಯ ಮಾರ್ಪಾಡು ಆಗಿರಕೂಡದು. ಅಂಥ ನೋಂದಣಿ ಪಡೆದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದೂ ನೆನಪಿರಲಿ. ಸಾಮಾನ್ಯ ನೋಂದಣಿಯಲ್ಲೇ ಉಳಿದ ಕಾರುಗಳಿಗೆ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಅನ್ವಯಿಸುತ್ತದೆ. ಸಂಗೀತದ ಉಪಕರಣ ಕೂರಿಸುವುದು ಅದರಿಂದ ತಪ್ಪಾಗುವುದಿಲ್ಲ. ಆದರೆ ತಗಡು ಕತ್ತರಿಸಿದ ಕಾರಿಗೂ ಕತ್ತರಿಸದ ಕಾರಿಗೂ ಬೆಲೆಯಲ್ಲಿ ಇರುವ ಅಂತರವನ್ನು ಹಳೆಯ ಕಾರು ಕೊಳ್ಳುವವರು ಚೆನ್ನಾಗಿ ಬಲ್ಲರು.

ಕೊನೆಗೆ ಆ ಮನೆಯಲ್ಲಿ ಒಂದು ಒಪ್ಪಂದವಾಯಿತು. ಮಾಡಿದ್ದೆಲ್ಲವನ್ನೂ ಒಂದು ದಿನದಲ್ಲಿ ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯವಿರಬೇಕು. ಹೊಸದಾಗಿ ಒಂದು ರಂಧ್ರವೂ ಬೀಳಕೂಡದು. ಈ ಕಟ್ಟಿನೊಳಗೆ ಏನೇನು ಮಾಡಬಹುದು ಎಂಬುದೇ ಮುಂದಿನ ವಿವರ.

ಮೊದಲು ವಿದ್ಯುತ್ತಿನ ಲೆಕ್ಕ. ಆ ಕಾಲದ ಫಿಯಟ್ ಕಾರಿನಲ್ಲಿ ಬ್ಯಾಟರಿಯನ್ನು ತುಂಬುವುದು ಡೈನಮೋ. ವೇಗವಾಗಿ ಓಡುವಾಗ ಅದರಿಂದ ದೊರೆಯುವುದು ಇಪ್ಪತ್ತು ಆಂಪಿಯರಿಗಿಂತ ಕಡಿಮೆ. ನಿಂತಲ್ಲೇ ಇಂಜಿನ್ ತಿರುಗುತ್ತಿದ್ದರೆ ಬಹುಪಾಲು ಏನೂ ಇಲ್ಲ. ಆಗ ಕೆಂಪು ದೀಪ ಮಿಣುಕುವುದನ್ನು ಹಳೆಯ ಕಾರಿನವರೆಲ್ಲರೂ ಕಂಡಿರುತ್ತಾರೆ. 1971ರ ಜಯನಗರದಲ್ಲಿ ಇದೊಂದು ತೊಂದರೆಯೇ ಆಗಿರಲಿಲ್ಲ. ಇಂದು ಸಿಲ್ಕ್ ಬೋರ್ಡ್ ಬಳಿಯಲ್ಲೋ ಬನಶಂಕರಿ ದೇವಸ್ಥಾನದ ಮುಂದೆಯೋ ಸಂಜೆ ಸಿಕ್ಕಿಕೊಂಡ ಕಾರು ಅರ್ಧ ಗಂಟೆ ಬ್ಯಾಟರಿಯ ಮೇಲೆಯೇ ಬದುಕಬೇಕು. ಮುಂದಿನ ಎರಡು ದೀಪಗಳಿಗೆ ಏಳು ಆಂಪಿಯರ್, ಇಗ್ನಿಷನ್ ಕಾಯಿಲಿಗೆ ಮೂರು ನಾಲ್ಕು, ಹಿಂದಿನ ದೀಪಗಳು, ಮಳೆ ಬಂದರೆ ವೈಪರ್. ಉಳಿಯುವುದು ಅಲ್ಪ.

ಇನ್ನು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ವ್ಯಾಟುಗಳ ಮಾತು. ‘ಪಿ.ಎಂ.ಪಿ.ಓ.’ ಎಂಬ ಹೆಸರಿನಲ್ಲಿ ಸಾವಿರಾರು ವ್ಯಾಟುಗಳನ್ನು ಘೋಷಿಸುತ್ತಿದ್ದ ಟೇಪ್ ರೆಕಾರ್ಡರುಗಳನ್ನು ನಾವೆಲ್ಲ ನೋಡಿದ್ದೇವೆ. ಆ ಅಭ್ಯಾಸ ಇನ್ನೂ ಪೂರ್ತಿ ಹೋಗಿಲ್ಲ. ವೋಲ್ಟೇಜನ್ನು ಏರಿಸುವ ಪ್ರತ್ಯೇಕ ಸಲಕರಣೆ ಇಲ್ಲದ ಸಾಧಾರಣ ಕಾರ್ ಸ್ಟೀರಿಯೋ, 14.4 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ವಿಕಾರವಿಲ್ಲದೆ ಕೊಡಬಲ್ಲ ಶಕ್ತಿ ಸುಮಾರು 18ರಿಂದ 20 ವ್ಯಾಟ್. ಪೆಟ್ಟಿಗೆಯ ಮೇಲೆ 50 ಎಂದಿದ್ದರೂ ಭೌತಶಾಸ್ತ್ರ ಬದಲಾಗುವುದಿಲ್ಲ. ಅಂಥ ನಾಲ್ಕು ಸ್ಪೀಕರುಗಳನ್ನು ಪೂರ್ಣ ಶಕ್ತಿಯಲ್ಲಿ ನುಡಿಸಿದರೆ, ಶಾಖವಾಗಿ ಕಳೆದುಹೋಗುವುದನ್ನೂ ಸೇರಿಸಿ, ಒಂಬತ್ತು ಹತ್ತು ಆಂಪಿಯರ್ ಬೇಕು. ಸಂಗೀತ ಸದಾ ಪೂರ್ಣ ಶಕ್ತಿಯಲ್ಲಿ ಹರಿಯುವುದಿಲ್ಲವಾದ್ದರಿಂದ ಸರಾಸರಿ ಬಳಕೆ ಇದರ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ಎನ್ನಬಹುದು. ಆದ್ದರಿಂದ ಒಳ್ಳೆಯ ಎರಡು ಸ್ಪೀಕರ್, ಅವಕ್ಕೆ ತಕ್ಕ ಸಣ್ಣ ಆಂಪ್ಲಿಫೈಯರ್, ಇಷ್ಟಕ್ಕೆ ಡೈನಮೋ ಸಾಕು. ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸುವವರೂ ಇದ್ದಾರೆ. ಅದು ದೀಪಗಳಿಗೂ ಒಳ್ಳೆಯದೇ. ಡೈನಮೋವನ್ನು ಮಾತ್ರ ಗುಜರಿಗೆ ಹಾಕಬಾರದು.

ಹಳೆಯ ತಂತಿಗಳ ವಿಷಯದಲ್ಲಿ ಎಷ್ಟು ಎಚ್ಚರ ಹೇಳಿದರೂ ಕಡಿಮೆ. ಐವತ್ತು ವರ್ಷ ಇಂಜಿನ್ನಿನ ಕಾವು ತಿಂದ ತಂತಿಯ ಹೊದಿಕೆ ಬಗ್ಗಿಸಿದರೆ ಬಿರಿಯುತ್ತದೆ. ಅದಕ್ಕೆ ಹೊಸ ತಂತಿಯನ್ನು ಹೆಣೆದು ಟೇಪು ಸುತ್ತುವುದು ಬೆಂಕಿಯನ್ನು ಆಹ್ವಾನಿಸಿದಂತೆ. ಬ್ಯಾಟರಿಯಿಂದಲೇ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆಯಬೇಕು. ಬ್ಯಾಟರಿಯಿಂದ ಒಂದು ಮೊಳದೊಳಗೇ ಫ್ಯೂಸ್ ಇರಬೇಕು. ಫ್ಯೂಸ್ ಇರುವುದು ಆಂಪ್ಲಿಫೈಯರನ್ನು ಕಾಯುವುದಕ್ಕಲ್ಲ, ತಂತಿಯನ್ನು ಕಾಯುವುದಕ್ಕೆ. ಅದನ್ನು ಆಂಪ್ಲಿಫೈಯರಿನ ಬಳಿ ಕೂರಿಸಿದರೆ ನಡುವಿನ ತಂತಿಗೆ ರಕ್ಷಣೆಯೇ ಇಲ್ಲ. ಇಂಜಿನ್ ಕೋಣೆಯಿಂದ ಒಳಕ್ಕೆ ತಂತಿ ಬರುವ ಕಡೆ ತಗಡಿನ ಅಂಚು ಉಜ್ಜದಂತೆ ರಬ್ಬರ್ ಬುಷ್ ಹಾಕಬೇಕು. ಫಿಯಟ್ ಕಾರಿನಲ್ಲಿ ಸ್ಪೀಡೋಮೀಟರ್ ಕೇಬಲ್ ಮುಂತಾದವು ಹಾಯುವ ರಂಧ್ರಗಳು ಮೊದಲೇ ಇರುವುದರಿಂದ ಹೊಸದನ್ನು ಕೊರೆಯುವ ಅಗತ್ಯ ಬೀಳಲಿಲ್ಲ. ಬ್ರಿಟಿಷ್ ಮೂಲದ ಕೆಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವ ಕಾರಿನ ದೇಹಕ್ಕೆ ಸೇರಿರುತ್ತದೆ. ಅದನ್ನು ಗಮನಿಸದೆ ಇಂದಿನ ಉಪಕರಣ ಜೋಡಿಸಿದರೆ ಅದು ಆ ಕ್ಷಣವೇ ಸುಟ್ಟುಹೋಗುತ್ತದೆ.

ಟೌನ್‌ಹಾಲಿನಿಂದ ಮಿನರ್ವ ವೃತ್ತದವರೆಗಿನ ಜೆ.ಸಿ. ರಸ್ತೆಯಲ್ಲಿ ಕಾರಿನ ಸಾಮಾನುಗಳೂ, ಅಲ್ಲಿಗೆ ಹತ್ತಿರದ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳೂ ದೊರೆಯುತ್ತವೆ. ಆದರೆ ಈ ಕೆಲಸದಲ್ಲಿ ನಿಜವಾದ ಯಜಮಾನ ಬಡಗಿ. ಸ್ಪೀಕರಿನ ಕಾಗದದ ಶಂಕು ಮುಂದಕ್ಕೆ ಗಾಳಿಯನ್ನು ತಳ್ಳಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ಎರಡೂ ಒಂದಕ್ಕೊಂದು ಬೆರೆತರೆ ಮಂದ್ರ ಧ್ವನಿ ಅಳಿಸಿಹೋಗುತ್ತದೆ. ಹಿಂದಿನ ಗಾಳಿಯನ್ನು ಬಂಧಿಸಿಡುವುದಕ್ಕೇ ಪೆಟ್ಟಿಗೆ. ಆರು ಅಂಗುಲದ ಸ್ಪೀಕರಿಗೆ ಹತ್ತರಿಂದ ಹನ್ನೆರಡು ಲೀಟರ್ ಒಳಅಳತೆ ಸಾಧಾರಣವಾಗಿ ಹೊಂದುತ್ತದೆ. ಬನಶಂಕರಿಯ ಬಡಗಿಯೊಬ್ಬರು ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಮುಂದಿನ ಆಸನದಲ್ಲಿ ಕುಳಿತವರ ಕಾಲಿನ ಪಕ್ಕದ ಮೂಲೆಗೆ ಸರಿಹೊಂದುವಂತೆ ಓರೆಯಾದ ಎರಡು ಪೆಟ್ಟಿಗೆಗಳನ್ನು 18 ಮಿಲಿಮೀಟರ್ ಪ್ಲೈವುಡ್‌ನಲ್ಲಿ ಮಾಡಿಕೊಟ್ಟರು. ನೀರು ತಡೆಯುವ ಪ್ಲೈವುಡ್ಡೇ ಆಗಬೇಕು. ಈ ಕಾರುಗಳ ನೆಲಹಾಸು ಮಳೆಗಾಲದಲ್ಲಿ ಒದ್ದೆಯಾಗದೆ ಇರುವುದು ಅಪರೂಪ. ಪೆಟ್ಟಿಗೆಗಳು ನಿಂತಿರುವುದು ಮೊದಲಿನಿಂದ ಇದ್ದ ಸ್ಕ್ರೂಗಳ ಮೇಲೆ.

ಹಿಂದಿನ ಗಾಜಿನ ಕೆಳಗಿನ ಹಲಗೆಯನ್ನು ಕತ್ತರಿಸಿ ಉದ್ದನೆಯ ಸ್ಪೀಕರ್ ಜೋಡಿಸುವುದು ನಮ್ಮಲ್ಲಿ ಬಹಳ ಕಾಲದಿಂದ ಬಂದ ರೂಢಿ. ಅದು ಅಷ್ಟೇನೂ ಒಳ್ಳೆಯ ರೂಢಿಯಲ್ಲ. ಗಾಯಕರು ನಮ್ಮ ಬೆನ್ನ ಹಿಂದೆ ಕುಳಿತು ಹಾಡುವುದನ್ನು ಯಾವ ಕಚೇರಿಯಲ್ಲಿ ಕಂಡಿದ್ದೇವೆ? ಹಿಂದಿನ ಹಲಗೆಯ ಪ್ರತಿಯೊಂದನ್ನು ಪ್ಲೈವುಡ್‌ನಲ್ಲಿ ಮಾಡಿಸಿ ಅದರಲ್ಲಿ ಮಂದ್ರಕ್ಕಾಗಿ ಒಂದೇ ಒಂದು ಸ್ಪೀಕರ್ ಇಟ್ಟರೆ ಬೇಕಾದಷ್ಟಾಯಿತು. ಇಲ್ಲೊಂದು ಸ್ವಾರಸ್ಯವಿದೆ. 50 ಹರ್ಟ್ಸ್ ಧ್ವನಿಯ ಅಲೆಯ ಉದ್ದ ಸುಮಾರು ಏಳು ಮೀಟರ್. ಇಡೀ ಕಾರಿನ ಉದ್ದವೇ ನಾಲ್ಕು ಮೀಟರಿಗಿಂತ ಕಡಿಮೆ. ಅಲೆಗಿಂತ ಚಿಕ್ಕದಾದ ಮುಚ್ಚಿದ ಕೋಣೆಯಲ್ಲಿ ಸ್ಪೀಕರು ಒಳಗಿನ ಗಾಳಿಯನ್ನೆಲ್ಲ ಒಟ್ಟಿಗೇ ಒತ್ತುವುದರಿಂದ ಮಂದ್ರ ತಾನಾಗಿ ಬಲಗೊಳ್ಳುತ್ತದೆ. ಮನೆಯ ಹಜಾರದಲ್ಲಿ ಸೋಲುವ ಸಣ್ಣ ಸ್ಪೀಕರು ಕಾರಿನಲ್ಲಿ ಗೆಲ್ಲುವುದು ಹೀಗೆ.

ಜೋಡಿಸಿದ ಮೇಲೆ ಪರೀಕ್ಷೆ. ಮೊಮ್ಮಗ ತನ್ನ ಅಬ್ಬರದ ಹಾಡುಗಳನ್ನು ಹಾಕಿ ತೃಪ್ತನಾದ. ಅಜ್ಜನವರು ಮಲ್ಲಿಕಾರ್ಜುನ ಮನ್ಸೂರರ (1910–1992) ವಚನಗಾಯನದ ಧ್ವನಿಮುದ್ರಣವನ್ನು ಹಾಕಿಸಿದರು. ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೊಂದಿಲ್ಲ. ತಂಬೂರಿಯ ಎಡೆಬಿಡದ ನಾದದ ನಡುವೆ ಹೊರಗಿನ ಗುಂಯ್ ಎಂಬ ಸದ್ದು ಅಡಗಿಕೊಳ್ಳಲಾರದು. ಇಂಜಿನ್ ಚಾಲೂ ಮಾಡಿ ವೇಗ ಏರಿಸಿದಾಗ ಸ್ಪೀಕರಿನಲ್ಲಿ ಸಿಳ್ಳೂ ಏರುತ್ತಾ ಹೋಯಿತು. ಅದು ಡೈನಮೋವಿನ ಸದ್ದು. ಚಟಪಟ ಎಂದಿದ್ದರೆ ಪ್ಲಗ್ಗುಗಳ ಕಿಡಿಯದೆಂದು ತಿಳಿಯಬೇಕು. ಡೈನಮೋವಿಗೆ ಒಂದು ಕಂಡೆನ್ಸರ್ ಸೇರಿಸಿ, ಉಪಕರಣಗಳ ಅರ್ಥ್ ತಂತಿಗಳನ್ನೆಲ್ಲ ಬಣ್ಣ ಕೆರೆದು ಶುಚಿಗೊಳಿಸಿದ ಒಂದೇ ಬೋಲ್ಟಿಗೆ ಬಿಗಿದ ಮೇಲೆ ಸಿಳ್ಳು ನಿಂತಿತು. ಬಾಗಿಲಿನ ತಗಡು ನಡುಗುವುದನ್ನು ತಡೆಯಲು ಒಳಬದಿಗೆ ಡಾಂಬರಿನ ಹಾಳೆ ಅಂಟಿಸುವುದುಂಟು. ಕೆಳಗಿನ ನೀರು ಹೋಗುವ ತೂತುಗಳನ್ನು ಮುಚ್ಚಿಬಿಟ್ಟರೆ ಬಾಗಿಲು ಒಳಗಿನಿಂದ ತುಕ್ಕು ಹಿಡಿಯುತ್ತದೆ.

ಅಜ್ಜನವರಿಗೆ ನಿಜವಾಗಿ ಕೇಳಬೇಕಾಗಿದ್ದುದು ಬೇರೆಯೇ ಇತ್ತು. ತೀರಿಹೋದ ಅವರ ಪತ್ನಿ 1980ರ ದಶಕದಲ್ಲಿ ಮನೆಯಲ್ಲಿಯೇ ಹಾಡಿ ಮುದ್ರಿಸಿದ ವಚನಗಳ ಒಂದು ಧ್ವನಿಸುರುಳಿ ಅದು. ಅಂಥ ಹಳೆಯ ಸುರುಳಿಯನ್ನು ಕೈಗೆ ಸಿಕ್ಕ ಯಂತ್ರದಲ್ಲಿ ಹಾಕಿ ನೋಡುವುದು ಅಪಾಯ. ಒಳಗಿನ ಒತ್ತುಮೆತ್ತೆ ಕಳಚಿರುತ್ತದೆ, ರಬ್ಬರ್ ಚಕ್ರಗಳು ಅಂಟಾಗಿ ಪಟ್ಟಿಯನ್ನು ನುಂಗಿಬಿಡುತ್ತವೆ. ಮೊಮ್ಮಗ ಯಂತ್ರದ ತಲೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಸುರುಳಿಯನ್ನು ಮೊದಲು ಒಂದು ಬಾರಿ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ಸುತ್ತಿಸಿ, ಬಳಿಕ ಒಂದೇ ಓಟದಲ್ಲಿ ಕಂಪ್ಯೂಟರಿಗೆ ಇಳಿಸಿದ. ಹಿಸ್ ಎಂಬ ಸದ್ದನ್ನು ಪೂರ್ತಿ ತೆಗೆಯಲು ಹೊರಟಾಗ ಅಜ್ಜಿಯ ಉಸಿರೂ ಹೋಯಿತಂತೆ. ಹಾಗಾಗಿ ಅದನ್ನು ಇದ್ದಂತೆಯೇ ಬಿಟ್ಟ. ಹಿನ್ನೆಲೆಯಲ್ಲಿ ಕುಕ್ಕರಿನ ಸೀಟಿಯೊಂದು ಕೇಳುತ್ತದೆ. ಮಾತು ಸ್ಪಷ್ಟವಾಗಿ ಕೇಳಿಸುವುದು 1000ದಿಂದ 4000 ಹರ್ಟ್ಸ್ ವ್ಯಾಪ್ತಿಯಲ್ಲಿ. ಕಾಲಿನ ಬಳಿಯ ಎರಡು ಸ್ಪೀಕರುಗಳನ್ನು ಮುಖದತ್ತ ಓರೆಯಾಗಿ ತಿರುಗಿಸಿದ್ದರ ಫಲ ಗೊತ್ತಾದದ್ದು ಆಗ. ಕಿವಿ ಮಂದವಾಗಿದ್ದ ಅಜ್ಜನವರಿಗೆ ಒಂದೊಂದು ಅಕ್ಷರವೂ ತಿಳಿಯಿತು. ಅಂದಿನಿಂದ ಬಾಸ್ ಪೆಟ್ಟಿಗೆಯ ಮಾತನ್ನು ಹುಡುಗ ಎತ್ತಿಲ್ಲ.

ಧ್ವನಿಯ ಪ್ರಮಾಣದ ಬಗ್ಗೆಯೂ ಒಂದೆರಡು ಮಾತು. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಕಿವಿಗಾದರೋ 85 ಡೆಸಿಬಲ್ಲನ್ನು ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಕೇಳಬಾರದೆಂದು ತಜ್ಞರು ಹೇಳುತ್ತಾರೆ. ಅಲ್ಲಿಂದ ಪ್ರತಿ ಮೂರು ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. ಹಳೆಯ ಕಾರಿನ ಒಳಗೆ ಇಂಜಿನ್ನಿನ ಸದ್ದೇ ಸಾಕಷ್ಟಿರುವುದರಿಂದ ಹಾಡನ್ನು ಅದರ ಮೇಲಕ್ಕೆ ಏರಿಸುವ ಆಸೆ ಸಹಜ. ಮೊದಲು ಬಾಗಿಲ ರಬ್ಬರುಗಳನ್ನು ಬದಲಿಸಿ, ನೆಲಹಾಸಿನ ಕೆಳಗೆ ಸೆಣಬಿನ ಫೆಲ್ಟ್ ಹಾಸುವುದು ಮೇಲು. ಖರ್ಚೂ ಕಡಿಮೆ.

ಹೊಸ ಉಪಕರಣ ಈಗ ಡ್ಯಾಶ್‌ಬೋರ್ಡಿನ ಕಿರುಪೆಟ್ಟಿಗೆಯ ಒಳಗಿದೆ, ಆಂಪ್ಲಿಫೈಯರ್ ಆಸನದ ಅಡಿಯಲ್ಲಿ. ಮುಚ್ಚಳ ಹಾಕಿದರೆ 1971ರ ಕಾರೇ ಕಣ್ಣಿಗೆ ಬೀಳುತ್ತದೆ. ಎರಡು ಗುಂಡಿಗಳ ಆ ಹಳೆಯ ರೇಡಿಯೋವನ್ನು ಕದಲಿಸಲಿಲ್ಲ; 612 ಕಿಲೋಹರ್ಟ್ಸಿನಲ್ಲಿ ಬೆಂಗಳೂರು ಆಕಾಶವಾಣಿ ಹಿಡಿಯುತ್ತಿದ್ದ ಜಾಗದಲ್ಲೇ ಅದರ ಮುಳ್ಳು ನಿಂತಿದೆ. ಹಿಂದಿನ ಮೂಲ ಹಲಗೆಯನ್ನು ಅಜ್ಜನವರು ಹಳೆಯ ಪಂಚೆಯಲ್ಲಿ ಸುತ್ತಿ, ಮೇಲೆ ದಿನಾಂಕ ಬರೆದು, ಅಟ್ಟದ ಮೇಲೆ ಇರಿಸಿದ್ದಾರೆ.