ಸಾಲಕ್ಕಿಂತ ಮೊದಲು ಪಾಠ

ಭದ್ರಾವತಿ ಸುತ್ತಮುತ್ತ ಹೊಸದಾಗಿ ಬೇಸಾಯಕ್ಕೆ ಇಳಿಯುವ ಹುಡುಗರಿಗೆ ಅಡಿಕೆ ತೋಟದ್ದೇ ಕನಸು. ಆದರೆ ನೆಟ್ಟ ಸಸಿ ಫಲ ಕೊಡಲು 5–6 ವರ್ಷ ಬೇಕು. ಸಾಲದ ಬಡ್ಡಿ ಅಷ್ಟು ದಿನ ಕಾಯುವುದಿಲ್ಲ. ಈ ಲೆಕ್ಕ ತಪ್ಪಿ ಬಂದವರನ್ನು ಬ್ಯಾಂಕಿನಲ್ಲಿ ಕುಳಿತು ಬಹಳ ನೋಡಿದ್ದೇನೆ.

ಆದ್ದರಿಂದ ಸಾಲದ ಅರ್ಜಿಗಿಂತ ಮೊದಲು ಶಿವಮೊಗ್ಗದ ನವುಲೆಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ, ತರಬೇತಿ ಯಾವಾಗ ಎಂದು ವಿಚಾರಿಸಿ. ಜಮೀನಿನ ಹತ್ತಾರು ಕಡೆಯ ಮಣ್ಣು ಬೆರೆಸಿ, ಅದರಲ್ಲಿ ಅರ್ಧ ಕೆ.ಜಿ.ಯನ್ನು ಪರೀಕ್ಷೆ ಮಾಡಿಸಿ. ಅಡಿಕೆ ಸಾಲಿನ ನಡುವೆ ಬಾಳೆ ಹಾಕಿ: ಎಳೆ ಸಸಿಗೆ ನೆರಳು, ವರ್ಷದ ಆಸುಪಾಸಿನಲ್ಲಿ ಕೈಗೆ ಕಾಸು.

ಮಕ್ಕಳೇ, ನಿಮಗೂ ಕೆಲಸವಿದೆ. ಒಂದು ನೋಟ್‌ಬುಕ್ ತೆಗೆದುಕೊಂಡು ಮನೆಯ ಬೇಸಾಯದ ಖರ್ಚು, ವರಮಾನ ದಿನವೂ ಬರೆದಿಡಿ. ಅಪ್ಪ ಅಮ್ಮನಿಗೆ ಅದಕ್ಕಿಂತ ದೊಡ್ಡ ಸಹಾಯವಿಲ್ಲ.