ಮಳೆಯ ದಿನ ಜಗನ್ಮೋಹನದಲ್ಲಿ

ಮೈಸೂರಿನ ಆಷಾಢದ ಮಳೆಗೆ ಒಂದು ಸ್ವಭಾವವುಂಟು. ಭೋರೆಂದು ಸುರಿದು ತನ್ನ ಕೆಲಸ ತೀರಿಸಿಕೊಂಡು ಹೊರಟುಹೋಗುವ ಮಳೆ ಅದಲ್ಲ. ಹೊರಡುತ್ತೇನೆ ಹೊರಡುತ್ತೇನೆಂದು ಹೇಳುತ್ತಲೇ ಸಂಜೆಯವರೆಗೂ ಜಗಲಿಯ ಮೇಲೆ ಕುಳಿತಿರುವ ನೆಂಟರ ಹಾಗೆ ಅದು ನಿಲ್ಲುವುದೂ ಇಲ್ಲ, ಜೋರಾಗುವುದೂ ಇಲ್ಲ. ಅಂತಹ ಒಂದು ದಿನ ನನ್ನ ಬಾಲ್ಯದ ಗೆಳೆಯನು ನಮ್ಮ ಮನೆಯಲ್ಲಿದ್ದನು. ಹಾಸನದ ಕಡೆಯ ಹಳ್ಳಿಯೊಂದರಲ್ಲಿ ಬಹುಕಾಲ ಉಪಾಧ್ಯಾಯನಾಗಿದ್ದು ವಿಶ್ರಾಂತಿ ಪಡೆದವನು. ಮೊಮ್ಮಗನನ್ನು ಕಾಲೇಜಿಗೆ ಸೇರಿಸಲು ಬಂದಿದ್ದನು. ಆ ಕೆಲಸ ಹಿಂದಿನ ದಿನವೇ ಮುಗಿದಿತ್ತು.

ಬೆಟ್ಟಕ್ಕೆ ಹೋಗಿ ತಾಯಿಯ ದರ್ಶನ ಮಾಡಿಬರೋಣವೆಂದು ನಿಶ್ಚಯಿಸಿದ್ದೆವು. ಮಹಡಿಯ ಮೇಲೆ ಹೋಗಿ ನೋಡಿದರೆ ಬೆಟ್ಟವೇ ಕಾಣಲಿಲ್ಲ. “ಈ ಮಳೆಯಲ್ಲಿ ಬೆಟ್ಟ ಹತ್ತಿ ನೆಗಡಿ ತಂದುಕೊಂಡರೆ ಕಷಾಯ ಕಾಯಿಸಬೇಕಾದವಳು ನಾನು. ಹೋಗಲೇಬೇಕೆಂದಿದ್ದರೆ ತಲೆಯ ಮೇಲೆ ಸೂರಿರುವ ಕಡೆಗೆ ಹೋಗಿಬನ್ನಿ” ಎಂದು ಮನೆಯಾಕೆ ತೀರ್ಪು ಕೊಟ್ಟಳು. ಹಾಗಾದರೆ ಜಗನ್ಮೋಹನ ಅರಮನೆಯ ಚಿತ್ರಶಾಲೆಯನ್ನು ನೋಡಬಹುದಲ್ಲ ಎಂದು ನಾನು ಹೇಳುವಷ್ಟರಲ್ಲಿ ಗೆಳೆಯನು ಎದ್ದು ಕೊಡೆಯನ್ನು ಕೈಗೆ ತೆಗೆದುಕೊಂಡಿದ್ದನು.

“ಅಲ್ಲಿಗೇ ಹೋಗೋಣ ಕಣಯ್ಯ. ನನಗೆ ಅಲ್ಲಿ ಒಂದು ಕೆಲಸವೂ ಇದೆ.”

ಚಿತ್ರಶಾಲೆಯಲ್ಲಿ ಇವನಿಗೆ ಏನು ಕೆಲಸವೆಂದು ಕೇಳಿದೆನು. ಉತ್ತರ ಕೊಡದೆ ಜೋಡು ಮೆಟ್ಟಿಕೊಂಡನು.

ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದರು. 1897ರಲ್ಲಿ ದೊಡ್ಡ ಅರಮನೆಗೆ ಬೆಂಕಿ ಬಿದ್ದು ಮರದ ಕಟ್ಟಡವು ಸುಟ್ಟುಹೋದಾಗ ರಾಜಕುಟುಂಬಕ್ಕೆ ಆಶ್ರಯವಾದುದು ಇದೇ. ಇಂದು ನಾವು ನೋಡುವ ಹೊಸ ಅರಮನೆ 1912ರಲ್ಲಿ ಸಿದ್ಧವಾಗುವವರೆಗೂ ಮಹಾರಾಜರ ವಾಸ ಇಲ್ಲಿಯೇ ಇತ್ತು. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವನ್ನು ವಹಿಸಿಕೊಟ್ಟ ಸಮಾರಂಭವು ಇಲ್ಲಿಯ ಸಭಾಮಂಟಪದಲ್ಲಿ ನಡೆಯಿತು. ವೈಸರಾಯ್ ಲಾರ್ಡ್ ಕರ್ಜನ್ ಅದಕ್ಕೆ ಬಂದಿದ್ದರು. ಮೈಸೂರು ವಿಶ್ವವಿದ್ಯಾನಿಲಯದ ಮೊದಮೊದಲ ಘಟಿಕೋತ್ಸವಗಳೂ ಇಲ್ಲಿಯೇ ಜರುಗಿದವು. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1955ರಲ್ಲಿ ಶ್ರೀ ಜಯಚಾಮರಾಜೇಂದ್ರರ ಹೆಸರನ್ನು ಪಡೆಯಿತು.

ಕೊಡೆಗಳನ್ನು ಮಡಿಸಿ, ಪಂಚೆಯ ಅಂಚನ್ನು ಹಿಂಡಿಕೊಂಡು ನಾವು ಒಳಹೊಕ್ಕಾಗ ಜನ ಹೆಚ್ಚಾಗಿರಲಿಲ್ಲ. ಮೋಡದ ದಿನವಾದುದರಿಂದ ಕಿಟಕಿಗಳಿಂದ ಬರುವ ಬೆಳಕೂ ಮಸಕಾಗಿತ್ತು. ಕೆಳಗಿನ ಅಂತಸ್ತಿನಲ್ಲಿ ಫ್ರಾನ್ಸ್ ದೇಶದ ಒಂದು ಗಡಿಯಾರವಿದೆ. ಗಂಟೆಗೊಮ್ಮೆ ಅದರೊಳಗಿನ ಪುಟ್ಟ ಸಿಪಾಯಿಗಳು ಸಾಲಾಗಿ ನಡೆದುಹೋಗುತ್ತಾರೆ. ಮಕ್ಕಳೊಡನೆ ಹೋಗುವವರು ಗಂಟೆ ಬಾರಿಸುವುದಕ್ಕೆ ಸ್ವಲ್ಪ ಮುಂಚಿತವಾಗಿ ಅಲ್ಲಿ ನಿಂತಿರುವುದು ಒಳ್ಳೆಯದು. ನಾವು ಮುದುಕರಿಬ್ಬರೂ ಮಕ್ಕಳಂತೆಯೇ ನಿಂತು ನೋಡಿದೆವೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಅಲ್ಲಿಂದ ಮುಂದೆ ಗೆಳೆಯನ ನಡವಳಿಕೆ ನನಗೆ ವಿಚಿತ್ರವಾಗಿ ಕಂಡಿತು. ಪ್ರತಿಯೊಂದು ಚಿತ್ರದ ಮುಂದೆಯೂ ಅವನು ಮೊದಲು ಬಗ್ಗಿ, ಕನ್ನಡಕವನ್ನು ಸರಿಮಾಡಿಕೊಂಡು, ಕೆಳಗಿನ ಹೆಸರಿನ ಪಟ್ಟಿಯನ್ನು ಓದುವನು. ಆಮೇಲೆ ತಲೆಯೆತ್ತಿ ಚಿತ್ರವನ್ನು ನೋಡುವನು. “ಅಯ್ಯಾ, ಹಾಜರಿ ತೆಗೆದುಕೊಳ್ಳುತ್ತಿದ್ದೀಯೋ?” ಎಂದೆನು. “ಹೌದು. ಇಷ್ಟು ದಿನ ತೆಗೆದುಕೊಳ್ಳಲಿಲ್ಲ, ಅದೇ ತಪ್ಪಾಯಿತು” ಎಂದನು. ಅವನ ಮುಖದಲ್ಲಿ ನಗು ಇರಲಿಲ್ಲ.

ಗೋಡೆಗಳ ಮೇಲೆ ಮೈಸೂರಿನ ಚಿತ್ರಗಾರರು ಬರೆದ ದಸರಾ ಮೆರವಣಿಗೆಯನ್ನೂ, ಮುಮ್ಮಡಿಯವರ ಪರಿವಾರವನ್ನು ತಾವರೆಯ ಎಸಳುಗಳಲ್ಲಿ ಕೂರಿಸಿರುವ ‘ಸಂತಾನಾಂಬುಜ’ವನ್ನೂ ನೋಡಿದೆವು. ಅದೇ ಸಂಪ್ರದಾಯದ ದೇವತಾಪಟಗಳು ನಮ್ಮ ಹಿರಿಯರ ದೇವರ ಮನೆಗಳಲ್ಲಿ ಇರುತ್ತಿದ್ದುವಲ್ಲವೆ? ಆ ಪಟಗಳಲ್ಲಿ ಆಭರಣ, ಕಿರೀಟ, ಮಂಟಪಗಳು ಬರುವ ಕಡೆ ಸಫೇದವನ್ನೂ ಅಂಟನ್ನೂ ಅರೆದು ಮಾಡಿದ ಮುದ್ದೆಯಿಂದ ತೆಳುವಾಗಿ ಉಬ್ಬು ಕೆಲಸ ಮಾಡಿ, ಅದರ ಮೇಲೆ ಚಿನ್ನದ ರೇಕನ್ನು ಕೂರಿಸುತ್ತಾರೆ. ತಂಜಾವೂರಿನವರ ಉಬ್ಬು ದಪ್ಪ, ನಮ್ಮವರದು ನವಿರು. ಗೆಳೆಯನು ಬಹಳ ಹೊತ್ತು ನೋಡಿ, “ದೇವರ ಮನೆಯ ಕತ್ತಲೆಗೆ ಇದು ಸರಿಯಾದ ಉಪಾಯ. ಒಂದು ಸೊಡರು ಹಚ್ಚಿದರೆ ಸಾಕು, ಚಿನ್ನವೆಲ್ಲ ಅದನ್ನು ಹಂಚಿಕೊಳ್ಳುತ್ತದೆ” ಎಂದನು. ಇಲ್ಲಿ ಬೆಳಕು ಚಿತ್ರದ ಮೇಲಿರುತ್ತದೆಯೆಂಬ ಮಾತು ನನಗೂ ಆಗಲೇ ಹೊಳೆಯಿತು.

ರಾಜಾ ರವಿವರ್ಮನ ಚಿತ್ರಗಳ ಮುಂದೆ ಇನ್ನೊಂದು ಬಗೆಯ ಬೆಳಕು ಕಂಡಿತು. ಕಿಳಿಮಾನೂರಿನ ಈ ಚಿತ್ರಗಾರ ಹುಟ್ಟಿದ್ದು 1848ರಲ್ಲಿ. ನಾಲ್ವಡಿಯವರ ಅಪೇಕ್ಷೆಯಂತೆ ಪುರಾಣದ ಚಿತ್ರಗಳನ್ನು ಬರೆದುಕೊಟ್ಟದ್ದು ತನ್ನ ಕೊನೆಯ ವರುಷಗಳಲ್ಲಿ. ಶ್ರೀರಾಮನು ದಡದಲ್ಲಿ ನಿಂತು ಸಮುದ್ರರಾಜನ ಮೇಲೆ ಬಾಣ ಹೂಡಿರುವ ಚಿತ್ರ 1906ರದು. ಹೊರಗೆ ಮಳೆಯ ಸದ್ದು. ಒಳಗೆ ಅಲ್ಲೋಲಕಲ್ಲೋಲವಾದ ಕಡಲು. ಎಣ್ಣೆಯ ಬಣ್ಣದಲ್ಲಿ ಕಪ್ಪನ್ನು ಮೊದಲು ಹಾಕಿ, ಅದರ ಮೇಲೆ ಬಿಳಿಯನ್ನು ಕೊನೆಗೆ ಹಾಕಬಹುದು. ತಪ್ಪಿದರೆ ಕೆರೆದು ಮತ್ತೆ ಹಾಕಬಹುದು. ಅಲ್ಲಿ ಬೆಳಕೆಂಬುದು ಚಿತ್ರಗಾರನು ತಂದು ಇಡುವ ವಸ್ತು.

ಹತ್ತಿರದಲ್ಲಿಯೇ 1889ರ ವಾದ್ಯಗೋಷ್ಠಿಯ ಚಿತ್ರವಿತ್ತು. ನಾನಾ ಪ್ರಾಂತ್ಯಗಳ ಉಡುಗೆ ತೊಡುಗೆಯ ಹೆಂಗಸರು ತಮ್ಮ ತಮ್ಮ ವಾದ್ಯಗಳೊಡನೆ ಒಂದೆಡೆ ನೆರೆದಿದ್ದಾರೆ. ಸೀರೆಯ ಮಡಿಕೆ, ಮೂಗುಬೊಟ್ಟಿನ ಮಿನುಗು, ಯಾವುದಕ್ಕೂ ಕೊರತೆಯಿಲ್ಲ. ಗೆಳೆಯನು ಮಾತ್ರ ಮೆಲ್ಲನೆ, “ಇಷ್ಟು ಜನ ಒಂದೇ ಚಾವಡಿಯಲ್ಲಿ ಸೇರಿದ್ದಾರೆ, ಒಬ್ಬರಿಗೊಬ್ಬರು ಪರಿಚಯವಿದ್ದಂತೆ ಕಾಣುವುದಿಲ್ಲವಲ್ಲಯ್ಯ!” ಎಂದನು. ಆಮೇಲೆ ಆ ಚಿತ್ರವನ್ನು ಎಷ್ಟು ಸಲ ನೋಡಿದರೂ ನನಗೆ ಅದೇ ಮಾತು ನೆನಪಾಗುತ್ತದೆ.

ಕೊನೆಗೆ ದೀಪದ ಹೆಂಗಸಿನ ಕತ್ತಲೆಯ ಕೋಣೆಗೆ ಬಂದೆವು.

ಈ ಚಿತ್ರವನ್ನು ವರ್ಣಿಸುವ ಅಗತ್ಯವಿಲ್ಲ. ಕ್ಯಾಲೆಂಡರಿನಲ್ಲಿಯೋ ಗಾಜು ಹಾಕಿಸಿದ ಚೌಕಟ್ಟಿನಲ್ಲಿಯೋ ಇದನ್ನು ನೋಡದ ಮನೆ ನಮ್ಮ ಸೀಮೆಯಲ್ಲಿ ಅಪೂರ್ವ. ಹೆಂಗಸೊಬ್ಬಳು ಒಂದು ಕೈಯಲ್ಲಿ ದೀಪ ಹಿಡಿದು, ಗಾಳಿಗೆ ಆರದಂತೆ ಇನ್ನೊಂದು ಕೈಯನ್ನು ಮರೆಮಾಡಿದ್ದಾಳೆ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಗೆ ಹಾಯ್ದು ಮುಖದ ಮೇಲೆ ಬಿದ್ದಿದೆ. ಆದರೆ ಮನೆಯ ಪಟದಲ್ಲಿ ಕಂಡುದಕ್ಕೂ ಆ ಕೋಣೆಯಲ್ಲಿ ಕಂಡುದಕ್ಕೂ ಬಹಳ ಅಂತರ. ಅಲ್ಲಿ ಅವಳು ದೀಪ ಹಿಡಿದು ನಿಂತವಳು. ಇಲ್ಲಿ ಆ ದೀಪವನ್ನು ಕಾಪಾಡುತ್ತಿರುವವಳು.

ಗೆಳೆಯನು ಹೆಸರನ್ನು ಓದಿದನು. ಎಸ್. ಎಲ್. ಹಲ್ದಣಕರ್. ಮತ್ತೊಮ್ಮೆ ಓದಿದನು. ಬಳಿಕ ಗೋಡೆಯ ಕಡೆಗೆ ಸರಿದು ನಿಂತು, ತನ್ನ ಕೆಲಸವೇನೆಂಬುದನ್ನು ಹೇಳಿದನು.

ಅವನ ಶಾಲೆಯ ಕೊಠಡಿಯಲ್ಲಿ ಈ ಪಟವಿತ್ತು. ಪ್ರತಿ ವರುಷವೂ ಹೊಸ ಮಕ್ಕಳಿಗೆ ಅದನ್ನು ತೋರಿಸಿ, “ಇದು ರವಿವರ್ಮನ ಚಿತ್ರ” ಎಂದು ಹೇಳಿಕೊಡುತ್ತಿದ್ದನು. ಒಂದು ವರುಷ, ದಸರೆಯ ರಜೆ ಕಳೆದ ಮೇಲೆ ಒಬ್ಬ ಹುಡುಗನು ಎದ್ದು ನಿಂತು, “ಅಲ್ಲ ಸಾರ್. ನಾನು ಅಪ್ಪನ ಜೊತೆ ಮೈಸೂರಿಗೆ ಹೋಗಿದ್ದೆ. ಅಲ್ಲಿ ಬೇರೆ ಹೆಸರು ಬರೆದಿದೆ” ಎಂದನಂತೆ. ಯಾವ ಹೆಸರೆಂದು ಕೇಳಿದರೆ ಹುಡುಗನಿಗೆ ನೆನಪಿರಲಿಲ್ಲ. ಮಕ್ಕಳೆಲ್ಲ ನಕ್ಕರು. ಮೇಷ್ಟ್ರಿಗೆ ಎದುರು ಮಾತನಾಡಿದನೆಂದು ಅವನನ್ನು ಗಂಟೆ ಹೊಡೆಯುವವರೆಗೂ ಬೆಂಚಿನ ಮೇಲೆ ನಿಲ್ಲಿಸಿದನು.

“ಅವನು ಈಗ ಊರಿನಲ್ಲೇ ಇದ್ದಾನೆ. ತೇರಿನ ದಿನ ಸಿಕ್ಕಾಗಲೆಲ್ಲ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಾನೆ. ನನಗೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳೋಣವೆನ್ನಿಸುತ್ತದೆ. ಮೊಮ್ಮಗ ಯಾವುದೋ ಪತ್ರಿಕೆಯಲ್ಲಿ ಈ ಹೆಸರನ್ನು ತೋರಿಸಿದ. ನಾನೇ ಕಣ್ಣಾರೆ ಓದಬೇಕೆಂದು ಬಂದೆ.”

ನಾನು ಸಮಾಧಾನ ಹೇಳಹೊರಟೆನು. ಈ ತಪ್ಪು ಇವನೊಬ್ಬನದೇ ಅಲ್ಲ. ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದು, ಲಕ್ಷ್ಮಿ ಸರಸ್ವತಿಯರನ್ನು ಬಣ್ಣದಲ್ಲಿ ಅಚ್ಚುಮಾಡಿಸಿ, ಬಡವರ ಗೋಡೆಗೂ ಚಿತ್ರವನ್ನು ತಲಪಿಸಿದವನು. ಅಂದಿನಿಂದ ಅಂದವಾದ ಹೆಂಗಸಿನ ಪಟವೆಲ್ಲ ರವಿವರ್ಮನದೇ ಎಂಬ ನಂಬಿಕೆ ಬೆಳೆದುಬಂದಿತು. ಒಬ್ಬನ ಕೀರ್ತಿ ಆಲದ ಮರದಂತೆ ಹಬ್ಬಿದರೆ ಅದರ ನೆರಳಿನಲ್ಲಿ ಬೇರೆ ಗಿಡ ಕಾಣಿಸದು. ಆದರೆ ಲೆಕ್ಕ ಬಹಳ ಸುಲಭವಾದುದು. ರವಿವರ್ಮನು ತೀರಿಕೊಂಡದ್ದು 1906ರಲ್ಲಿ. ದೀಪದ ಹೆಂಗಸಿನ ಚಿತ್ರವಾದರೋ 1945-46ರ ಸುಮಾರಿನದು. ಅದನ್ನು ಬರೆದ ಸಾವಳಾರಾಮ ಲಕ್ಷ್ಮಣ ಹಲ್ದಣಕರ್ 1882ರಲ್ಲಿ ಸಾವಂತವಾಡಿಯಲ್ಲಿ ಹುಟ್ಟಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1968ರವರೆಗೆ ಬದುಕಿದ್ದರು. ದೀಪ ಹಿಡಿದು ನಿಂತವಳು ಅವರ ಮಗಳು ಗೀತಾ. ಆಕೆ 2018ರಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ ಕಾಲವಾದರು.

ಇದನ್ನು ಕೇಳಿ ಗೆಳೆಯನು ಸ್ವಲ್ಪ ಹೊತ್ತು ಮಾತನಾಡಲಿಲ್ಲ.

“ಹಾಗಾದರೆ ನಾನು ಆ ಹುಡುಗನನ್ನು ಬೆಂಚಿನ ಮೇಲೆ ನಿಲ್ಲಿಸಿದ ದಿನ ಆಕೆ ಇನ್ನೂ ಬದುಕಿದ್ದಳು. ನನ್ನ ತಂದೆ ಬರೆದದ್ದೆಂದು ಆಕೆಯೇ ಬಂದು ಹೇಳಬಹುದಾಗಿತ್ತು.”

ನನ್ನ ಸಮಾಧಾನದ ಮಾತುಗಳು ಅಲ್ಲಿಗೆ ಮುಗಿದವು.

ಈ ಚಿತ್ರದ ಬಗೆಗೆ ಒಂದು ವಿಷಯವನ್ನು ಬಹುಮಂದಿ ಗಮನಿಸುವುದಿಲ್ಲ. ಇದು ಎಣ್ಣೆಯ ಬಣ್ಣದ್ದಲ್ಲ, ನೀರಿನ ಬಣ್ಣದ್ದು. ಪಾರದರ್ಶಕವಾದ ಜಲವರ್ಣದಲ್ಲಿ ಬಿಳಿಯ ಬಣ್ಣವನ್ನು ಮೇಲೆ ಹಚ್ಚಿ ಬೆಳಕು ತೋರಿಸುವ ಪದ್ಧತಿಯಿಲ್ಲ. ಬೆಳಕೆಲ್ಲವೂ ಕೆಳಗಿರುವ ಬಿಳಿಯ ಕಾಗದದ್ದೇ. ಅದರ ಮೇಲೆ ತೆಳ್ಳನೆಯ ಬಣ್ಣವನ್ನು ಹಾಯಿಸಿ, ಒಣಗಿಸಿ, ಮತ್ತೊಂದು ಹಾಯಿಸಿ, ಕತ್ತಲೆಯನ್ನು ಮೆಲ್ಲಮೆಲ್ಲನೆ ಕಟ್ಟುತ್ತ ಬರಬೇಕು. ಎಲ್ಲಿ ಬೆಳಕಿರಬೇಕೋ ಅಲ್ಲಿ ಕೈ ತಡೆದಿರಬೇಕು. ಒಮ್ಮೆ ಕಪ್ಪಾದುದನ್ನು ಪೂರ್ತಿಯಾಗಿ ತೊಳೆದು ತೆಗೆಯುವುದು ಬಹಳ ಕಷ್ಟ. ಚಿನ್ನದ ಪಟದಲ್ಲಿ ಬೆಳಕನ್ನು ಮೇಲೆ ಅಂಟಿಸಿದರು. ಎಣ್ಣೆಯ ಚಿತ್ರದಲ್ಲಿ ಬಳಿದರು. ಇಲ್ಲಿ ಮೊದಲಿನಿಂದ ಕೊನೆಯವರೆಗೂ ಉಳಿಸಿಕೊಂಡರು. ಆ ಹೆಂಗಸಿನ ಕೈ ಜ್ವಾಲೆಗೆ ಮಾಡುತ್ತಿರುವುದನ್ನೇ ಚಿತ್ರಗಾರನ ಕೈ ಕಾಗದಕ್ಕೆ ಮಾಡಿತು.

ನಾನು ಇದನ್ನು ಹೇಳಿದಾಗ ಗೆಳೆಯನು ತಲೆದೂಗಿ, “ಮಕ್ಕಳೂ ಹಾಗೆಯೇ. ಅವರಲ್ಲಿರುವ ಬಿಳುಪನ್ನು ನಾವು ಕೊಟ್ಟದ್ದೆಂದು ತಿಳಿಯುತ್ತೇವೆ. ನಮ್ಮ ಕೆಲಸ ಅದರ ಮೇಲೆ ಬಣ್ಣ ಚೆಲ್ಲದಿರುವುದು ಮಾತ್ರ” ಎಂದನು.

ಚಿತ್ರಪಟಗಳನ್ನು ಇಟ್ಟುಕೊಂಡಿರುವ ಗೃಹಸ್ಥರಿಗೆ ಈ ಸಂದರ್ಭದಲ್ಲಿ ಎರಡು ಮಾತು. ಕಾಗದದ ಮೇಲಿನ ಚಿತ್ರಕ್ಕೆ ಬಿಸಿಲೂ ತೇವವೂ ಸಮಾನ ಶತ್ರುಗಳು. ಬಿಸಿಲು ಬಣ್ಣವನ್ನು ಕುಡಿಯುತ್ತದೆ; ಮಳೆಗಾಲದ ತೇವ ಬೂಷ್ಟನ್ನು ತರುತ್ತದೆ. ಮಳೆಯ ಎರಚಲು ಬಡಿಯುವ ಹೊರಗೋಡೆಗೆ ಅಂತಹ ಪಟವನ್ನು ತಗುಲಿಸಬಾರದು. ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಬಿರಡೆಯ ಚೂರುಗಳನ್ನು ಅಂಟಿಸಿದರೆ ಪಟಕ್ಕೂ ಗೋಡೆಗೂ ನಡುವೆ ಗಾಳಿಯಾಡುತ್ತದೆ. ಕಾಗದವು ಗಾಜಿಗೆ ನೇರವಾಗಿ ತಾಗದಂತೆ ಕಟ್ಟು ಹಾಕಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ಬರೆದವರು ಯಾರೆಂದು ತಿಳಿದಿದ್ದರೆ ಹಿಂಬದಿಯಲ್ಲಿ ಹೆಸರನ್ನು ಬರೆದಿಡಬೇಕು. ಮನೆಯಲ್ಲಿ ಅಜ್ಜಿಯೋ ಅತ್ತೆಯೋ ಕಸೂತಿ ಹಾಕಿ ಚೌಕಟ್ಟು ಕಟ್ಟಿಸಿದುದಾದರೂ ಸರಿಯೆ. ಎರಡು ತಲೆಮಾರು ಕಳೆದರೆ ಕೆಲಸ ಉಳಿದು ಕೈಯ ಹೆಸರು ಅಳಿಯುತ್ತದೆ.

ಹೊರಗೆ ಬಂದಾಗಲೂ ಮಳೆ ನಿಂತಿರಲಿಲ್ಲ. ದಾರಿಯಲ್ಲಿ ಅಂಚೆಯ ಮನೆಗೆ ನುಗ್ಗಿ ಗೆಳೆಯನು ಒಂದು ಕಾರ್ಡನ್ನು ಕೊಂಡನು. ಮನೆಗೆ ಬಂದು ಒದ್ದೆಯ ಬಟ್ಟೆ ಬದಲಾಯಿಸಿ, ಹುರಿದ ಹಪ್ಪಳವನ್ನೂ ಕಾಫಿಯನ್ನೂ ಪಕ್ಕಕ್ಕೆ ಸರಿಸಿ, ಬರೆಯಲು ಕುಳಿತನು. “ಕಾಫಿ ಆರಿಹೋಗುತ್ತದೆ, ಆಮೇಲೆ ಬರೆಯಬಾರದೆ?” ಎಂದು ಮನೆಯಾಕೆ ಕೇಳಿದಳು. “ಇದು ಬಹಳ ದಿನದ ಬಾಕಿ ಅಮ್ಮ” ಎಂದನು.

ಏನು ಬರೆದನೆಂದು ನಾನು ಇಣುಕಿ ನೋಡಲಿಲ್ಲ. ಆದರೆ ಕಾರ್ಡನ್ನು ಟಪಾಲಿಗೆ ಹಾಕಲು ನನ್ನ ಕೈಗೇ ಕೊಟ್ಟುದರಿಂದ ಮೊದಲ ಸಾಲು ಕಣ್ಣಿಗೆ ಬಿದ್ದಿತು. ಕರಿಹಲಗೆಯ ಮೇಲೆ ಬರೆಯುವಂತೆ ದುಂಡಾದ ಅಕ್ಷರಗಳಲ್ಲಿ ಹಲ್ದಣಕರ್ ಎಂಬ ಹೆಸರಿತ್ತು. ಅದರ ಕೆಳಗೆ, “ನೀನು ಅಂದು ಮರೆತಿದ್ದ ಹೆಸರು ಇದು. ಮರೆತದ್ದು ನಿನ್ನ ತಪ್ಪಲ್ಲ” ಎಂದಿತ್ತು. ಕಾರ್ಡು ನೆನೆಯದಂತೆ ಅಂಗಿಯೊಳಗೆ ಇಟ್ಟುಕೊಂಡು, ಮತ್ತೆ ಕೊಡೆ ಬಿಚ್ಚಿ, ಟಪಾಲು ಪೆಟ್ಟಿಗೆಯವರೆಗೆ ನಡೆದೆನು.